ಹೊಸ ಡ್ರಿಲ್ ಮಷಿನ್ ಅಂತ ಹಳೆಯದನ್ನು ಕಟ್ಟಿ ಕಳಿಸಿದರು: ಬೆಳಗಾವಿಯಲ್ಲಿ ಟೂಲ್ಸ್ ತಗೊಳ್ಳುವವರು ಮೊದಲು ಇದನ್ನು ಓದಿ

ಬೆಳಗಾವಿ ಪೇಟೆಯಲ್ಲಿ ಡ್ರಿಲ್, ಗ್ರೈಂಡರ್ ಕೊಳ್ಳಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಹೋಗಿ. ಹೊಸದು ಅಂತ ಹೇಳಿ, ಹೊಸ ಡಬ್ಬಿಯಲ್ಲಿ ಹಾಕಿ, ಹೊಸದರ ರೊಕ್ಕ ತಗೊಂಡು ನನಗೆ ಕೊಟ್ಟಿದ್ದು ಯಾರೋ ಬಳಸಿ ಬಿಟ್ಟ ಮಷಿನ್. ಕೇಳಲು ಹೋದರೆ "ಇದು ನಮ್ಮ ಅಂಗಡಿ ಮಾಲೇ ಅಲ್ಲ" ಅಂದರು. ಮುಖಕ್ಕೆ ಮುಖ ಕೊಟ್ಟು ಹೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ದೂರು ನಡೆಯುತ್ತಿದೆ, ಅದಕ್ಕೆ. ಕಂಪನಿ ಹೆಸರೂ ಬೇಡ, ಅವರದೇನೂ ತಪ್ಪಿಲ್ಲ.

ನಮ್ಮ ಮನೆ ವಡಗಾವಿಯಲ್ಲಿ. ಅಪ್ಪ ಉದ್ಯಮಬಾಗದ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ ಮಾಡಿಕೊಡುತ್ತಿದ್ದರು. ಬೀಡು ಕಬ್ಬಿಣ ಎರಕ ಹೊಯ್ದು ತಣ್ಣಗಾದ ಮೇಲೆ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅದಕ್ಕೆ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಇಂಥದ್ದನ್ನೆಲ್ಲ ಅವರ ಪಕ್ಕ ಕೂತು ಕಲಿತವಳು ನಾನು. ಈಗ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸ್ಟೂಲು, ಪುಸ್ತಕದ ಕಪಾಟು ಮಾಡುತ್ತೇನೆ, ಕೇಳಿದವರಿಗೆ ಕೊಡುತ್ತೇನೆ. ಅಪ್ಪನ ಉಳಿ, ರಂದಾ ಎಲ್ಲ ಇವೆ. ಆದರೆ ಸಾಗವಾನಿಯಲ್ಲಿ ಕೈಯಿಂದ ತೂತು ಕೊರೆದು ಕೊರೆದು ಮಣಿಕಟ್ಟು ಹೋಗಿತ್ತು. ಒಂದು 13 ಎಂಎಂ ಡ್ರಿಲ್, ಉಜ್ಜಲು, ಕತ್ತರಿಸಲು ಒಂದು 4 ಇಂಚಿನ ಗ್ರೈಂಡರ್ ಬೇಕಿತ್ತು, ಅಷ್ಟೇ. ದೊಡ್ಡ ವ್ಯವಹಾರವೇನಲ್ಲ. ಆದರೆ ಆ ದುಡ್ಡು ಕಪಾಟು ಮಾರಿ ಕೂಡಿಟ್ಟದ್ದು.

ತಮ್ಮ ಗಾಡಿ ಮೇಲೆ ಕರೆದುಕೊಂಡು ಹೋಗಿದ್ದ. ಅವನಿಗೆ ಮಷಿನ್ ಗಂಧವೇ ಇಲ್ಲ. ಆದರೂ ಅಂಗಡಿಯವರು ಮಾತಾಡಿದ್ದೆಲ್ಲ ಅವನ ಜೊತೆಗೇ. ನಾನು ಕೇಳುತ್ತೇನೆ, ಅವರು ಅವನಿಗೆ ಉತ್ತರ ಕೊಡುತ್ತಾರೆ. ಕೊನೆಗೆ "ಮನ್ಯಾಗ ಇದನ್ನ ನಡಸೂರು ಯಾರ್ರಿ?" ಅಂದರು. ನಾನೇ ಅಂದೆ. ಒಮ್ಮೆ ನನ್ನನ್ನು ನೋಡಿದರು, ಒಳಗೆ ಹೋದರು, ಡಬ್ಬಿ ತಂದರು. ಈಗ ಯೋಚಿಸಿದರೆ ಆ ನೋಟದಲ್ಲೇ ಎಲ್ಲ ಇತ್ತು. ಇವಳಿಗೇನು ಗೊತ್ತಾಗುತ್ತದೆ, ಒಳಗಿನದನ್ನು ಕೊಟ್ಟು ಕಳಿಸೋಣ ಅಂತ ಅಲ್ಲೇ ಲೆಕ್ಕ ಹಾಕಿದ್ದರು.

ಡಬ್ಬಿಯ ಟೇಪು ಕತ್ತರಿಸಿತ್ತು. ಯಾಕೆ ಅಂತ ಕೇಳಿದೆ. "ಚೆಕ್ ಮಾಡಿ ಕೊಡ್ತೇವ್ರಿ ಅಕ್ಕಾರ, ಆಮ್ಯಾಲ ನಿಮಗ ತ್ರಾಸ ಆಗಬಾರ್ದಲ್ರಿ." ಬೆಲೆಯ ಮೇಲೆ ಬೇರೆ ಚೀಟಿ ಅಂಟಿಸಿತ್ತು. ಅದನ್ನೂ ಕೇಳಿದೆ. "ರೇಟ್ ಬದಲಾಗೈತ್ರಿ, ಎಲ್ಲಾ ಕಡೆ ಹಂಗ." ಪ್ಲಗ್ ಹಾಕಿ ಒಂದು ಸಲ ಗರ್ ಅನ್ನಿಸಿದರು, ಓಡಿತು. ಸುಮ್ನೆ ಗಾಳಿಯಲ್ಲಿ ತಿರುಗಿಸಿದರೆ ಯಾವ ಮಷಿನ್ ಓಡುವುದಿಲ್ಲ ಹೇಳಿ. ಕಷ್ಟ ಗೊತ್ತಾಗುವುದು ತೂತು ಕೊರೆಯುವ ಬಿಟ್ ಮರಕ್ಕೆ ಕಚ್ಚಿದಾಗ.

ಬಿಲ್ ಕೇಳಿದೆ. ಇದನ್ನು ಒತ್ತಿ ಹೇಳುತ್ತೇನೆ, ಬಿಲ್ ಕೇಳಿದೆ. "ಪಕ್ಕಾ ಬಿಲ್ ಬೇಕಂದ್ರ ಹದಿನೆಂಟ ಪರ್ಸೆಂಟ್ ಮ್ಯಾಲ ಆಕ್ಕೈತ್ರಿ" ಅಂದರು. ಡಬ್ಬಿ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದಲ್ಲ ಅಂದೆ. ಆಗ ದನಿ ಬದಲಾಯಿತು. "ಆತ್ ಬಿಡ್ರಿ ಅಕ್ಕಾರ, ಹಂಗ ಕೊಡ್ತೇನಿ. ಕಂಪ್ಯೂಟರ್ ಹುಡುಗ ಊರಿಗೆ ಹೋಗ್ಯಾನ್ರಿ. ಸಂಜಿಗೆ ವಾಟ್ಸಾಪ್ ಮಾಡ್ತೇನಿ. ಗ್ಯಾರಂಟಿ ಕಾರ್ಡಿಗೂ ಆವಾಗ ಶಿಕ್ಕಾ ಹೊಡದ ಕೊಡ್ತೇನಿ." ಸಣ್ಣ ಹಾಳೆಯಲ್ಲಿ ಡ್ರಿಲ್ 3,200, ಗ್ರೈಂಡರ್ 2,600, ಡಿಸ್ಕ್ ಮತ್ತು ಬ್ಲೇಡ್ 450 ಅಂತ ಪೆನ್ನಿನಿಂದ ಗೀಚಿ ಕೊಟ್ಟರು. ಅಂಗಡಿ ಹೆಸರಿಲ್ಲ, ತಾರೀಖಿಲ್ಲ, ಸಹಿ ಇಲ್ಲ. ಗಲ್ಲೆ ಮೇಲಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ 6,250 ಹಾಕಿದೆ. ಸಂಜೆ ಬಿಲ್ ಬರಲಿಲ್ಲ. ಮರುದಿನವೂ ಇಲ್ಲ. ಮೆಸೇಜ್ ಹಾಕಿದರೆ ಎರಡು ನೀಲಿ ಗೆರೆ, ಉತ್ತರ ಇಲ್ಲ.

ಆ 450 ರೂಪಾಯಿಯ ಡಿಸ್ಕು, ಬ್ಲೇಡಿನ ಕಥೆ ಬೇರೆಯೇ ಇದೆ. ಮರ ಕತ್ತರಿಸುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕಿಕೊಳ್ಳಿ ಅಂತ ಕೊಟ್ಟರು. "ಗಾರ್ಡ್ ತಗದ ಬಿಡ್ರಿ, ಅಡ್ಡ ಬರ್ತೈತಿ, ಎಲ್ಲಾರೂ ತಗೀತಾರ" ಅಂತಲೂ ಹೇಳಿದರು. ನನಗದು ಬೇಡ ಅಂದೆ. ಆದರೂ ಕಟ್ಟಿದರು, ಲೆಕ್ಕದಲ್ಲೂ ಸೇರಿಸಿದರು. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲಿನ ಬ್ಲೇಡ್ ಮರದ ಗಂಟಿಗೆ ಸಿಕ್ಕರೆ ಮಷಿನ್ ಕೈಯಿಂದ ಕಿತ್ತುಕೊಂಡು ಮೈಮೇಲೆ ಹಾರುತ್ತದೆ. ಬ್ಲೇಡನ್ನು ಮುಚ್ಚಿಕೊಂಡಿರುವ ಗಾರ್ಡ್ ಬೇರೆ ಇಲ್ಲದಿದ್ದರೆ ಮುಖವೋ ತೊಡೆಯೋ ಹೋಯಿತು. ಅಪ್ಪ ಅದನ್ನು ನೋಡಿ ಮಾತೇ ಆಡಲಿಲ್ಲ, ಎತ್ತಿ ಹಳೆ ಕಬ್ಬಿಣದ ಡಬ್ಬಕ್ಕೆ ಎಸೆದರು. ಕಟಿಂಗ್ ಡಿಸ್ಕಿನ ನಡುವಿನ ತೂತಿನ ಸುತ್ತ ಒಂದು ಲೋಹದ ಬಳೆ ಇರುತ್ತದಲ್ಲ, ಅದರ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಅವಧಿ ಮುಗಿಯುವ ತಾರೀಖು. ಅಂಟಿನಿಂದ ಹಿಡಿದ ಡಿಸ್ಕಿಗೆ ಹೆಚ್ಚೆಂದರೆ ಮೂರು ವರ್ಷದ ಆಯುಷ್ಯ. ನನಗೆ ಕೊಟ್ಟದ್ದು ಯಾವತ್ತೋ ಮುಗಿದದ್ದು. ನಮ್ಮೂರ ಮಳೆಗಾಲದ ಥಂಡಿಯಲ್ಲಿ ವರ್ಷಗಟ್ಟಲೆ ಕೂತ ಡಿಸ್ಕು ತಿರುಗುವಾಗ ಒಡೆದರೆ ಏನಾಗುತ್ತದೆ ಅಂತ ಆ ಅಂಗಡಿಯವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು.

ಡ್ರಿಲ್ ವಿಷಯಕ್ಕೆ ಬರುತ್ತೇನೆ. ಸಾಗವಾನಿ ಹಲಗೆಯಲ್ಲಿ 10 ಎಂಎಂ ತೂತು ಹಾಕುವಾಗ ಸುಸ್ತಾದಂತೆ ನಿಧಾನವಾಯಿತು, ಗಾಳಿ ಕಿಂಡಿಯಿಂದ ಕಿಡಿ ಕಂಡಿತು, ಸುಟ್ಟ ವಾರ್ನಿಶ್ ವಾಸನೆ ಬಂತು. ಬಿಟ್ ಕೂಡ ಓಲಾಡುತ್ತಿತ್ತು. ಫೋನ್ ಮಾಡಿದೆ. "ಹೊಸಾ ಮಷಿನ್ ಒಂದ್ ನಾಕ್ ದಿನ ಕಿಡಿ ಹಾರಸ್ತೈತ್ರಿ, ಕಾರ್ಬನ್ ಕೂಡೂಮಟ. ಆಮ್ಯಾಲ ಸೆಟ್ ಆಕ್ಕೈತಿ." ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇದು ಕೆಟ್ಟ ಸುಳ್ಳು. ಕಾರ್ಬನ್ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ಸಣ್ಣ ತುಂಡು, ಕಾರ್ಬನ್ ಬ್ರಷ್ ಅನ್ನುತ್ತಾರೆ. ಹೊಸದು ಕೂಡಿಕೊಳ್ಳುವವರೆಗೆ ಸಣ್ಣ ನೀಲಿ ಕಿಡಿ ಬರುವುದುಂಟು. ಆದರೆ ಸುತ್ತಲೂ ಬಳೆಯ ಹಾಗೆ ಬೆಂಕಿ ತಿರುಗಬಾರದು. ಇನ್ನೊಮ್ಮೆ ಫೋನ್ ಮಾಡಿದರೆ, "ನೀವು ಜಾಸ್ತಿ ಒತ್ತಿ ಹಿಡೀತಿರಬೇಕ್ರಿ. ಮನ್ಯಾಗ ಗಂಡಮಕ್ಕಳು ಯಾರೂ ಇಲ್ಲೇನ್ರಿ? ಅವರ ಕೈಯಾಗ ಕೊಡ್ರಿ." ಈ ಮಾತಿಗೆ ನಾನು ಫೋನ್ ಇಟ್ಟೆ. ಸಿಟ್ಟಿಗೆ ಕೈ ನಡುಗುತ್ತಿತ್ತು.

ಮಷಿನ್ ತಗೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ಫೌಂಡ್ರಿಯ ಕೆಲಸಗಾರರು, ಫ್ಯಾಬ್ರಿಕೇಷನ್‌ನವರು ಸಾಲಾಗಿ ಕೂತಿದ್ದರು. ಕೌಂಟರಿನ ಹುಡುಗ ಡ್ರಿಲ್ಲನ್ನು ಕೈಗೆ ತಗೊಂಡವನೇ ಮೊದಲು ನೋಡಿದ್ದು ಸ್ಕ್ರೂಗಳನ್ನು. "ಅಕ್ಕಾರ, ನೀವು ಇದನ್ನ ಬಿಚ್ಚಿದ್ರೇನು?" ಇಲ್ಲ ಅಂದೆ. ಉಗುರಿನಿಂದ ತೋರಿಸಿದ. ಸ್ಕ್ರೂ ತಲೆಯ ಅಂಚು ಸವೆದು ಬೆಳ್ಳಗೆ ಹೊಳೆಯುತ್ತಿತ್ತು, ಕಪ್ಪು ಬಣ್ಣ ಹೋಗಿತ್ತು. ಆಮೇಲೆ ಪಕ್ಕದ ಸಣ್ಣ ಮುಚ್ಚಳ ತಿರುಗಿಸಿ ತೆಗೆದ. ಸ್ಪ್ರಿಂಗ್ ಹೊರಗೆ ಬಂತು, ಅದರ ತುದಿಗೆ ಕಾರ್ಬನ್. ಪೆಟ್ಟಿಗೆಯಿಂದ ಒಂದು ಹೊಸ ಕಾರ್ಬನ್ ತೆಗೆದು ಪಕ್ಕದಲ್ಲಿಟ್ಟ. ನನ್ನದು ಅದರ ಅರ್ಧವೂ ಇರಲಿಲ್ಲ. ಒಂದು ಮೂಲೆ ಚಕ್ಕೆ ಎದ್ದಿತ್ತು. ಮೈ ಬಿಚ್ಚಿದಾಗ ಒಳಗೆಲ್ಲ ಕರಿ ಪುಡಿ. ಆರ್ಮೇಚರಿನ, ಅಂದರೆ ಮೋಟಾರಿನೊಳಗೆ ತಿರುಗುವ ಭಾಗದ, ತಾಮ್ರದ ಪಟ್ಟಿಗಳ ಮೇಲೆ ಕಾರ್ಬನ್ ಉಜ್ಜಿ ಉಜ್ಜಿ ಬಿದ್ದ ಗೆರೆ, ಬೆರಳಿಟ್ಟರೆ ತಗ್ಗು ಗೊತ್ತಾಗುತ್ತಿತ್ತು. ತಂತಿ ಸುತ್ತಿದ ವೈಂಡಿಂಗ್ ಮೇಲೆ ಯಾರೋ ಕೈಯಿಂದ ದಾರ ಸುತ್ತಿ ವಾರ್ನಿಶ್ ಬಳಿದಿದ್ದರು. ಸೀರಿಯಲ್ ನಂಬರ್ ಕಂಪ್ಯೂಟರಿಗೆ ಹಾಕಿದರೆ ಬೇರೆಯೇ ಮಾಡೆಲ್ ಬಂತು.

"ಅಕ್ಕಾರ, ಇದು ಹೊಸಾದಲ್ರಿ. ಸುಟ್ಟ ಮಷಿನ್ನಿಗೆ ವೈಂಡಿಂಗ್ ಮಾಡ್ಸಿ ಮ್ಯಾಲಿನ ಬಾಡಿ ಬದಲಿ ಮಾಡ್ಯಾರ."

ಅವನು ಮೆಲ್ಲಗೇ ಹೇಳಿದ, ಪಾಪ. ಆದರೂ ಎಲ್ಲರಿಗೂ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬ ಹಿರಿಯರು "ಎಷ್ಟ ಕೊಟ್ಟೀರಿ ಯವ್ವಾ?" ಅಂದರು. 3,200 ಅಂತ ಹೇಳಲು ಬಾಯಿ ಬರಲಿಲ್ಲ. ಪ್ಯಾಟರ್ನ್ ಮಾಡುವವನ ಮಗಳು ನಾನು, ಆ ಜನರ ನಡುವೆ ತಲೆ ತಗ್ಗಿಸಿ ನಿಂತೆ. ತಪ್ಪು ಮಾಡಿದವರು ಗಲ್ಲೆ ಮೇಲೆ ಆರಾಮಾಗಿ ಕೂತಿದ್ದಾರೆ, ನಾಚಿಕೆ ಮಾತ್ರ ನನಗೆ. ಇದು ಯಾವ ನ್ಯಾಯ?

ಹುಡುಗನ ಹತ್ತಿರ ಆ ವಿಷಯವನ್ನೆಲ್ಲ ಜಾಬ್ ಶೀಟಿನ ಮೇಲೆ ಬರೆಸಿಕೊಂಡು, ಅಲ್ಲಿಂದಲೇ ಅಂಗಡಿಗೆ ಹೋದೆ.

"ಟೆಸ್ಟಿಂಗ್ ಮಾಡಿರ್ತೇವ್ರಿ, ಅದಕ್ಕ ಕಾರ್ಬನ್ ಸವದೈತಿ." ಅರ್ಧ ಕಾರ್ಬನ್ ಸವೆಯುವಷ್ಟು ಟೆಸ್ಟಿಂಗಾ ಅಂದೆ. "ನೀವ ಬಳಸಿ ಸವಸಿರಬೇಕ." ಹಾಗಾದರೆ ಕೈಯಿಂದ ಸುತ್ತಿದ ವೈಂಡಿಂಗ್? "ಅದು ಕಂಪನಿಯವರನ್ನ ಕೇಳ್ರಿ." ಸೀರಿಯಲ್ ನಂಬರ್? ಆಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು ಆ ಮಾತು. "ಇದು ನಮ್ಮ ಅಂಗಡಿ ಮಾಲ ಅಲ್ರಿ. ನಮ್ಮದಂದ್ರ ಬಿಲ್ ತೋರಸ್ರಿ."

ಬಿಲ್ ತೋರಿಸಿ ಅಂತ! ಸಂಜೆಗೆ ಕಳಿಸುತ್ತೇನೆ ಅಂದವರೇ ಬಿಲ್ ತೋರಿಸಿ ಅನ್ನುತ್ತಾರೆ. ಆಗ ನನಗೆ ಎಲ್ಲ ಹೊಳೆಯಿತು. ಊರಿಗೆ ಹೋದ ಹುಡುಗ, ಹೆಸರಿಲ್ಲದ ಚೀಟಿ, ಶಿಕ್ಕಾ ಇಲ್ಲದ ಕಾರ್ಡು, ಎಲ್ಲ ಈ ಒಂದು ಮಾತಿಗಾಗಿ ಮೊದಲೇ ತಯಾರು ಮಾಡಿಟ್ಟದ್ದು. ಫೋನಿನಲ್ಲಿ ದುಡ್ಡು ಹಾಕಿದ್ದನ್ನು ತೋರಿಸಿದೆ. ನೋಡಿದರೆ ಕ್ಯೂಆರ್ ಅಂಗಡಿ ಹೆಸರಿನಲ್ಲಿಲ್ಲ, ಯಾವುದೋ ಹೆಣ್ಣುಮಗಳ ಹೆಸರಿನಲ್ಲಿದೆ. "ಅದು ಮನೀ ನಂಬರ್ರಿ, ಏನೋ ಕೈಗಡ ಕೊಟ್ಟಿರಬೇಕ ನೀವು." ಕೈಗಡ! ನಾನು ಇವರಿಗೆ ಕೈಗಡ ಕೊಟ್ಟೆನಂತೆ. ಗೋಡೆಯ ಮೇಲೆ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಬೋರ್ಡಿತ್ತು, ಅದನ್ನೂ ತೋರಿಸಿದರು. ಕೊನೆಗೆ, "ಏನ್ ಮಾಡ್ಕೋತೀರಿ ಮಾಡ್ಕೋರಿ."

ಮಾಡಿಕೊಂಡೆ. ಬಿಲ್ ಕೊಡದೇ ಇರುವುದೂ, ಕೆಟ್ಟ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳದೇ ಇರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆ ಬೋರ್ಡು ಎಷ್ಟು ದೊಡ್ಡದಿದ್ದರೂ ಕಾಯ್ದೆ ಬದಲಾಗುವುದಿಲ್ಲ. ಹಳೆ ಬೆಲೆ ಮುಚ್ಚಿ ಚೀಟಿ ಅಂಟಿಸುವುದಕ್ಕೂ ಪ್ಯಾಕಿಂಗ್ ನಿಯಮಗಳಲ್ಲಿ ಅವಕಾಶ ಇಲ್ಲ, ಅದು ಕಾನೂನು ಮಾಪನ ಇಲಾಖೆಗೆ ಹೋಗುವ ದೂರು. ನಾನು ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ದುಡ್ಡು ಹೋದದ್ದರ 12 ಅಂಕಿಯ ಯುಪಿಐ ನಂಬರ್, ಆ ಕೈಬರಹದ ಚೀಟಿ, ಉತ್ತರ ಸಿಗದ ಮೆಸೇಜುಗಳು, ಜಾಬ್ ಶೀಟು, ಎಲ್ಲ ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ಮಾಲಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ.

ದೂರು ಹೋದ ಮೇಲೆ ಅದೇ ಬಾಯಿಂದ ಫೋನ್ ಬಂತು. "ಅಕ್ಕಾರ, ಸಣ್ಣ ವಿಷಯಕ್ಕ ಯಾಕ್ರಿ ಇಷ್ಟ? ಅರ್ಧಾ ರೊಕ್ಕ ತಗೊಂಡ ಮುಗಸೂಣ್ರಿ." ಇದು ನಿಮ್ಮ ಮಾಲೇ ಅಲ್ಲ ಅಂದಿದ್ದಿರಲ್ಲ, ಮತ್ತೆ ಅರ್ಧ ರೊಕ್ಕ ಯಾವುದಕ್ಕೆ ಅಂದೆ. ಫೋನ್ ಇಟ್ಟರು.

ನೀವು ಹೋಗುವವರಿದ್ದರೆ ಇಷ್ಟು ಮಾಡಿ. ಬಿಲ್ ಕೈಗೆ ಬಂದ ಮೇಲೆಯೇ ಸ್ಕ್ಯಾನ್ ಮಾಡಿ, ಸಂಜೆಗೆ ಕೊಡುತ್ತೇನೆ ಅಂದರೆ ಸಂಜೆಗೇ ಬರುತ್ತೇನೆ ಅನ್ನಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿನ ಮೇಲಿನ ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರುತ್ತವೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ, ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ಅಂತ ಪಿನ್ ಒತ್ತುವ ಮೊದಲು ನೋಡಿ. ಸ್ಕ್ರೂ ತಲೆ ನೋಡಿ, ಬಿಟ್ ಹಿಡಿಯುವ ಚಕ್ಕಿನ ಹಲ್ಲಿನ ಮೇಲೆ ಗೀರು ಇದೆಯಾ ನೋಡಿ. ಹೊರಗಡೆ ಕಾರ್ಬನ್ ಮುಚ್ಚಳ ಇರುವ ಮಷಿನ್ನಾದರೆ ಪ್ಲಗ್ ತೆಗೆಸಿ, ಅಂಗಡಿಯಲ್ಲೇ ಕಾರ್ಬನ್ ತೋರಿಸಿ ಅನ್ನಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಹೆಣ್ಣುಮಕ್ಕಳು ಹೋದಾಗ ಪಕ್ಕದವರ ಜೊತೆ ಮಾತಾಡುವ ಅಂಗಡಿಯಿಂದಂತೂ ಆ ಕ್ಷಣಕ್ಕೇ ಎದ್ದು ಬನ್ನಿ.

ಈಚೆಗೆ ಪೇಟೆಯಲ್ಲಿ ಚೀಟಿ ಮೇಲೆ ಮಷಿನ್ ತಗೊಂಡವರು ಒಮ್ಮೆ ಕಾರ್ಬನ್ ತೆಗೆದು ನೋಡಿಕೊಳ್ಳಿ. ಸವೆದಿದ್ದರೆ ಏನನ್ನೂ ರಿಪೇರಿ ಮಾಡಿಸಬೇಡಿ, ಫೋಟೋ ತೆಗೆದಿಟ್ಟು ಹಾಗೆಯೇ ಸರ್ವಿಸ್ ಸೆಂಟರಿಗೆ ಒಯ್ದು ಬರೆಸಿಕೊಳ್ಳಿ. 30 ದಿನ ದಾಟುವ ಮೊದಲೇ ಹೋಗಿ.