‘ಅದೇ ಮಾತ್ರೆ, ಕಂಪನಿ ಮಾತ್ರ ಬೇರೆ’ ಎಂದವರನ್ನು ನಂಬಬೇಡಿ

ಮನೆಯಲ್ಲಿ ಬಿಪಿ ಮಾತ್ರೆ ನುಂಗುವವರಿದ್ದರೆ, ಅದರಲ್ಲೂ ಎರಡು ಔಷಧ ಒಂದರಲ್ಲೇ ಸೇರಿರುವ ಮಾತ್ರೆ ನುಂಗುವವರಿದ್ದರೆ, ಮೊದಲು ಎದ್ದು ಹೋಗಿ ಆ ಸ್ಟ್ರಿಪ್ ತನ್ನಿ. ಹಿಂದಿನ ತಿಂಗಳ ಖಾಲಿ ಸ್ಟ್ರಿಪ್ ಬಿಸಾಡಿರದಿದ್ದರೆ ಅದನ್ನೂ ತನ್ನಿ. ದಪ್ಪಕ್ಷರದ ಹೆಸರನ್ನು ಬಿಟ್ಟುಬಿಡಿ. ಅದರ ಕೆಳಗೆ ಇರುವೆ ಸಾಲಿನಂತೆ ಅಚ್ಚು ಹಾಕಿರುವ ಸಣ್ಣ ಅಕ್ಷರಗಳನ್ನು ಒಂದಕ್ಕೊಂದು ತಾಳೆ ನೋಡಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಪುಣ್ಯ.

ನಮ್ಮ ಮನೆಯಲ್ಲಿ ಒಂದೇ ಆಗಿರಲಿಲ್ಲ. ಅಮ್ಮ ಐಸಿಯು ಸೇರಿದ ಮೇಲೆ ಗೊತ್ತಾಯಿತು. ಮಾತ್ರೆ ಬದಲಿಸಿ ಕೊಟ್ಟ ಔಷಧದಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ. ಊರು ದಾವಣಗೆರೆ. ಹೆಸರು ಹೇಳಿದರೂ ಏನು ಪ್ರಯೋಜನ, ಇಂಥ ಅಂಗಡಿ ನಿಮ್ಮ ಬೀದಿಯಲ್ಲೂ ಇದೆ.

ಅಮ್ಮನಿಗೆ ಎಪ್ಪತ್ತು ದಾಟಿದೆ, ಬಿಪಿ ಹಳೆಯದು. ಮೊದಲು ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಇತ್ತು. ರಾತ್ರಿಯದನ್ನು ಮರೆಯುತ್ತಾಳೆಂದು ಡಾಕ್ಟರು ಎರಡನ್ನೂ ಸೇರಿಸಿದ ಒಂದೇ ಮಾತ್ರೆಗೆ ಬದಲಿಸಿದರು: ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಅಮ್ಲೋಡಿಪಿನ್ 5 ಮಿಲಿಗ್ರಾಂ. ಬೆಳಗಿನ ತಿಂಡಿಯ ನಂತರ ಒಂದು ನುಂಗಿದರೆ ಆಯಿತು. ಪಾದ ಸ್ವಲ್ಪ ಊದುತ್ತಿತ್ತು. ಅಮ್ಲೋಡಿಪಿನ್‌ನಿಂದ ಹಾಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಿಪಿ ಹದ್ದುಬಸ್ತಿನಲ್ಲಿತ್ತು. ಹಾಗಾಗಿ ಇಂಥ ಮಾತ್ರೆಗಳ ಮೇಲೆ ನನಗೇನೂ ಸಿಟ್ಟಿಲ್ಲ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಬಿಪಿ ಏರಿದರೆ ಅದು ಬೇರೆಯೇ ಕಥೆ. ನನ್ನ ಸಿಟ್ಟು ಮಾರಿದವರ ಮೇಲೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅಮ್ಮನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: ಮೂತ್ರ ಹೆಚ್ಚಿಸುವ ಮಾತ್ರೆ ಕೊಡಬಾರದು. ಕೆಲವು ವರ್ಷಗಳ ಹಿಂದೆ ಹೈಡ್ರೋಕ್ಲೋರೋಥಿಯಾಜೈಡ್ ಕೊಟ್ಟಾಗ ರಕ್ತದಲ್ಲಿ ಸೋಡಿಯಂ ಇಳಿದು ಸುಸ್ತಾಗಿದ್ದಳು. ಅದಕ್ಕೇ ಡಾಕ್ಟರು ಯೋಚಿಸಿ, ಆ ಜಾತಿಯ ಔಷಧ ಇಲ್ಲದ ಜೋಡಿಯನ್ನು ಆರಿಸಿದ್ದರು. ಈ ವಿಷಯ ಅಂಗಡಿಯವರಿಗೂ ಗೊತ್ತು. ಆಗ ಆ ಮಾತ್ರೆ ವಾಪಸ್ ತೆಗೆದುಕೊಂಡವರೇ ಅವರು.

ತಿಂಗಳ ಮಾತ್ರೆಗೆ ವಾಟ್ಸಾಪ್‌ನಲ್ಲಿ ಚೀಟಿಯ ಫೋಟೊ ಕಳುಹಿಸುತ್ತೇವೆ, ಹುಡುಗ ಮನೆಗೆ ತಂದುಕೊಡುತ್ತಾನೆ. ಬಹಳ ಮನೆಗಳಲ್ಲಿ ಹೀಗೆಯೇ. ಬೇಸಿಗೆಯ ಆರಂಭದಲ್ಲಿ ಅಂಗಡಿಯಿಂದ ಸಂದೇಶ ಬಂತು: ‘ಅಕ್ಕಾ, ನಿಮ್ಮ ಮಾತ್ರೆ ಸ್ಟಾಕ್ ಇಲ್ಲ. ಅದೇ ಮಾತ್ರೆ, ಕಂಪನಿ ಮಾತ್ರ ಬೇರೆ. ಬೆಲೆಯೂ ಕಡಿಮೆ. ಕಳುಹಿಸಲೇ?’ ನಾನು ಕೇಳಿದೆ: ‘ಅದೇ ತಾನೇ? ಚೀಟಿ ಇನ್ನೊಮ್ಮೆ ನೋಡಿ ಹೇಳಿ.’ ಉತ್ತರ: ‘ನೋಡಿದೆ ಅಕ್ಕಾ. ಸೇಮ್. ಬಿಪಿಯದ್ದೇ.’

ಬಿಪಿಯದ್ದೇ! ಈ ಒಂದು ಪದ ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಹುಡುಗ ತಂದುಕೊಟ್ಟ ಹೊಸ ಸ್ಟ್ರಿಪ್‌ನಲ್ಲಿ ಇದ್ದದ್ದು ಟೆಲ್ಮಿಸಾರ್ಟನ್ 40, ಜೊತೆಗೆ ಕ್ಲೋರ್‌ಥಾಲಿಡೋನ್ 12.5. ಅಮ್ಲೋಡಿಪಿನ್ ಇಲ್ಲವೇ ಇಲ್ಲ. ಕ್ಲೋರ್‌ಥಾಲಿಡೋನ್ ಎಂದರೆ ಅದೇ ಮೂತ್ರ ಹೆಚ್ಚಿಸುವ ಜಾತಿಯದು, ಹೈಡ್ರೋಕ್ಲೋರೋಥಿಯಾಜೈಡ್‌ಗಿಂತ ಹೆಚ್ಚು ಹೊತ್ತು ದೇಹದಲ್ಲಿ ನಿಲ್ಲುತ್ತದೆ. ಸ್ಟ್ರಿಪ್ ಮೇಲಿನ ದಪ್ಪಕ್ಷರದ ಹೆಸರೋ, ಅರ್ಧ ಅದೇ ಥರ. ಕೊನೆಯ ಎರಡು ಅಕ್ಷರ ಮಾತ್ರ ಬೇರೆ. ಈ ಬಾಲಗಳನ್ನು ನಮ್ಮಂಥವರು ಯಾರು ನೋಡುತ್ತೇವೆ? ಎಎಂ ಎಂದಿದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್, ಎಚ್ ಎಂದಿದ್ದರೆ ಹೈಡ್ರೋಕ್ಲೋರೋಥಿಯಾಜೈಡ್, ಸಿಟಿ ಎಂದಿದ್ದರೆ ಕ್ಲೋರ್‌ಥಾಲಿಡೋನ್. ಆದರೆ ಎಲ್ಲ ಕಂಪನಿಗಳೂ ಇದೇ ಅಕ್ಷರ ಹಾಕುತ್ತವೆ ಎನ್ನುವ ಹಾಗಿಲ್ಲ. ನೋಡಬೇಕಾದವರು ನೋಡಬೇಕು. ಬಿಳಿ ಕೋಟು ಹಾಕಿಕೊಂಡು ಕೌಂಟರಿನ ಹಿಂದೆ ನಿಲ್ಲುವುದು ಮತ್ತೇತಕ್ಕೆ?

ಕೆಲವೇ ದಿನಗಳಲ್ಲಿ ಅಮ್ಮ ರಾತ್ರಿ ಮತ್ತೆ ಮತ್ತೆ ಏಳತೊಡಗಿದಳು. ಆಮೇಲೆ ಸುಸ್ತು, ಎದ್ದು ನಿಂತರೆ ಕಣ್ಣು ಕತ್ತಲೆ, ಊಟ ಸೇರದು. ನಮ್ಮ ಊರಿನ ಏಪ್ರಿಲ್ ಬಿಸಿಲು ಎಂಥದ್ದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ, ನೋಡಿದವರೆಲ್ಲ ಬಿಸಿಲಿನ ಮೇಲೆ ಹಾಕಿದರು. ಅಂಗಡಿಗೆ ಫೋನ್ ಮಾಡಿ, ಮಾತ್ರೆ ಬದಲಾದಾಗಿನಿಂದ ಹೀಗಾಗುತ್ತಿದೆ, ಅದೇನಾದರೂ ಕಾರಣವೇ ಎಂದು ಕೇಳಿದೆ. ‘ಛೇ ಛೇ, ಮಾತ್ರೆ ಬದಲಾಗಿಲ್ಲ ಅಕ್ಕಾ, ಕಂಪನಿ ಬದಲಾಗಿದೆ. ಬಿಸಿಲಿಗೆ ಆಗಿರುತ್ತದೆ. ನೀರು ಚೆನ್ನಾಗಿ ಕುಡಿಸಿ’ ಎಂದರು. ಚೆನ್ನಾಗಿಯೇ ಕುಡಿಸಿದೆವು. ಈ ಔಷಧದಿಂದ ಸೋಡಿಯಂ ಇಳಿದಿರುವಾಗ ಬರೀ ನೀರು ಹೆಚ್ಚು ಕುಡಿದರೆ ಅದು ಇನ್ನಷ್ಟು ಇಳಿಯುತ್ತದಂತೆ. ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದೇ ಕುಡಿಯುವ ನೀರಿಗೆ ಮಿತಿ ಹಾಕಿದ್ದು.

ಸಾಲದ್ದಕ್ಕೆ ಮಂಡಿನೋವು. ಅಮ್ಮನೇ ಆ ಹುಡುಗನನ್ನು ಕೇಳಿದ್ದಾಳೆ, ಅವನು ‘ಇದನ್ನು ನುಂಗಿ ಅಜ್ಜಿ, ಹೂವಿನ ಹಾಗೆ ಓಡಾಡುತ್ತೀರಿ’ ಎಂದು ಸಣ್ಣ ಕಾಗದದ ಕವರಿನಲ್ಲಿ ಬಿಡಿ ಮಾತ್ರೆ ತಂದುಕೊಟ್ಟಿದ್ದಾನೆ. ಚೀಟಿಯಿಲ್ಲ, ಕೇಳುವವರಿಲ್ಲ. ಕವರಿನ ಮೇಲೆ 1-0-1 ಎಂದು ಪೆನ್ನಿನಲ್ಲಿ ಗೀಚಿದ್ದು ಬಿಟ್ಟರೆ ಒಂದಕ್ಷರವಿಲ್ಲ. ಸ್ಟ್ರಿಪ್ಪನ್ನು ಕತ್ತರಿಸಿದ್ದು ಹೇಗೆಂದರೆ ಹೆಸರೂ ಅವಧಿ ಮುಗಿಯುವ ತಾರೀಖೂ ಅವರ ಕಡೆಯ ತುಂಡಿನಲ್ಲಿ ಉಳಿದಿವೆ. ನಮ್ಮ ತುಂಡಿನಲ್ಲಿ ‘ಡಿಕ್ಲೋ’ ಎಂಬಷ್ಟು ಮಾತ್ರ. ಟೆಲ್ಮಿಸಾರ್ಟನ್‌ನಂಥ ಔಷಧ, ಮೂತ್ರ ಹೆಚ್ಚಿಸುವ ಔಷಧ, ಅದರ ಮೇಲೆ ಡಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ: ಈ ಮೂರೂ ಸೇರಿದರೆ ವಯಸ್ಸಾದವರ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂಬುದು ಔಷಧ ಓದಿದ ಎಲ್ಲರಿಗೂ ಗೊತ್ತಿರುವ ಪಾಠ ಎಂದರು ಡಾಕ್ಟರು. ಅಮ್ಮನಿಗೆ ಮೂರನ್ನೂ ಒಂದೇ ಅಂಗಡಿಯವರು ಕೊಟ್ಟಿದ್ದರು.

ಒಂದು ಬೆಳಗ್ಗೆ ಅಮ್ಮ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ಹಿಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಮುಂದೇನು ಮಾಡಬೇಕೆಂದು ತೋಚುತ್ತಿಲ್ಲ. ನನ್ನನ್ನು ನೋಡಿ ತೀರಿಕೊಂಡ ಚಿಕ್ಕಮ್ಮನ ಹೆಸರು ಹಿಡಿದು ಕರೆದಳು. ಪಾರ್ಶ್ವವಾಯು ಎಂದುಕೊಂಡು ಆಸ್ಪತ್ರೆಗೆ ಓಡಿದೆವು. ತಲೆಯ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ಬಂತು: ಸೋಡಿಯಂ 119. ಇರಬೇಕಾದದ್ದು 135ರಿಂದ 145. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಕೂಡ ಏರಿತ್ತು.

‘ಯಾವ ಮಾತ್ರೆ ಕೊಡುತ್ತಿದ್ದೀರಿ?’ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಚೀಟಿ ಕೊಟ್ಟೆ. ಅದನ್ನು ಓದಿ ಹುಬ್ಬು ಗಂಟಿಕ್ಕಿ, ‘ಚೀಟಿ ಬೇಡಮ್ಮ, ಮಾತ್ರೆ ತೋರಿಸಿ’ ಎಂದರು. ಬ್ಯಾಗಿನ ತಳದಲ್ಲಿ ಹಳೆಯ ಖಾಲಿ ಸ್ಟ್ರಿಪ್ ಕೂಡ ಇತ್ತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೆಸರುಗಳ ಮೇಲೆ ಹೆಬ್ಬೆರಳು ಅಡ್ಡ ಹಿಡಿದು, ‘ಈಗ ಕೆಳಗಿನ ಸಾಲು ಓದಿ’ ಎಂದರು. ಓದಿದೆ. ಟೆಲ್ಮಿಸಾರ್ಟನ್, ಟೆಲ್ಮಿಸಾರ್ಟನ್. ಅಮ್ಲೋಡಿಪಿನ್... ಕ್ಲೋರ್‌ಥಾಲಿಡೋನ್. ಎರಡನೆಯದನ್ನು ಓದುವಾಗ ನಾಲಿಗೆ ತೊದಲಿತು. ಸುತ್ತ ನರ್ಸುಗಳು, ಪಕ್ಕದ ಹಾಸಿಗೆಯವರ ಸಂಬಂಧಿಕರು, ಎಲ್ಲರೂ ನೋಡುತ್ತಿದ್ದಾರೆ. ‘ಫೈಲಿನಲ್ಲಿ ಕೊಡಬಾರದು ಎಂದು ಬರೆದಿದೆಯಲ್ಲ, ಮತ್ತೆ ಇದನ್ನು ಕೊಟ್ಟವರು ಯಾರು?’ ಎಂದು ಅವರು ಕೇಳಿದಾಗ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ತಿಂಗಳು ತಿಂಗಳೂ ದುಡ್ಡು ಕೊಟ್ಟು, ಖಾತ್ರಿ ಕೇಳಿ, ‘ಸೇಮ್’ ಎನ್ನಿಸಿಕೊಂಡು, ಕೊನೆಗೆ ತಲೆ ತಗ್ಗಿಸಿ ನಿಲ್ಲಬೇಕಾದವಳು ನಾನು!

ಸೋಡಿಯಂ ಇಳಿದಿದೆ ಎಂದು ಒಮ್ಮೆಲೇ ಏರಿಸುವಂತೆಯೂ ಇಲ್ಲ. ಬೇಗ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿ ಆಗಬಹುದು. 24 ಗಂಟೆಯಲ್ಲಿ ಎಂಟು-ಹತ್ತು ಅಂಶ ದಾಟಬಾರದೆಂದು ಹನಿಹನಿಯಾಗಿ ಡ್ರಿಪ್, ಕೆಲವು ಗಂಟೆಗೊಮ್ಮೆ ರಕ್ತ. ಅಮ್ಮನ ಕೈಯೆಲ್ಲ ಸೂಜಿ ಚುಚ್ಚಿ ನೀಲಿಗಟ್ಟಿತ್ತು. ಮಾತ್ರೆ ನಿಲ್ಲಿಸಿದ ಮೇಲೂ ಕ್ಲೋರ್‌ಥಾಲಿಡೋನ್‌ನ ಪ್ರಭಾವ ಎರಡು-ಮೂರು ದಿನ ಉಳಿಯುತ್ತದೆಂದು ಹೇಳಿದರು. ಬಿಲ್ಲಿನ ಮಾತು ಬೇಡ.

ಅಮ್ಮ ವಾರ್ಡಿಗೆ ಬಂದ ಮೇಲೆ ನಾನು ಅಂಗಡಿಗೆ ಹೋದೆ. ಸಂಜೆಯ ಹೊತ್ತು, ಕೌಂಟರಿನ ಮುಂದೆ ಜನ. ಎರಡು ಸ್ಟ್ರಿಪ್ ಎತ್ತಿ ತೋರಿಸಿದೆ. ಮಾಲೀಕರು ಬಹಳ ವರ್ಷದ ಪರಿಚಯ, ಅವರ ಮಗಳ ಮದುವೆಯ ಊಟ ಉಂಡಿದ್ದೇವೆ. ‘ಅಕ್ಕಾ, ಎರಡೂ ಬಿಪಿಗೇ ಕೊಡುವುದಲ್ಲವೇ?’ ಎಂದರು ತಣ್ಣಗೆ. ಅಮ್ಲೋಡಿಪಿನ್ ಎಲ್ಲಿ ಹೋಯಿತು ಎಂದೆ. ‘ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಬರುತ್ತದೆ, ಹುಡುಗ ಹೊಸಬ.’ ವಾಟ್ಸಾಪ್ ತೆಗೆದು ‘ನೋಡಿದೆ ಅಕ್ಕಾ. ಸೇಮ್’ ಎಂಬುದನ್ನು ತೋರಿಸಿದೆ. ‘ಅದು ಹುಡುಗ ಕಳುಹಿಸಿದ್ದು.’ ಹಾಗಾದರೆ ಫಾರ್ಮಸಿಸ್ಟ್ ಯಾರು, ಎಲ್ಲಿ ಎಂದೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರದ ಕಡೆ ಬೆರಳು ತೋರಿಸಿದರು. ಪ್ರಮಾಣಪತ್ರ ಇದೆ, ಅದರ ಫೋಟೊದಲ್ಲಿರುವ ಮನುಷ್ಯನನ್ನು ಈ ಅಂಗಡಿಯಲ್ಲಿ ನಾನು ಒಂದು ದಿನವೂ ಕಂಡಿಲ್ಲ.

ಆಮೇಲೆ ಬಂದದ್ದು ಇನ್ನೂ ಚೆಂದ. ‘ಬಿಲ್ ಇದೆಯೇ?’ ಕೇಳಿದಾಗೆಲ್ಲ ಜಿಎಸ್‌ಟಿ ನೆಪ ಹೇಳಿ ಕಾಗದದ ಚೂರಿನಲ್ಲಿ ಮೊತ್ತ ಗೀಚಿ ಕೊಟ್ಟವರು ಇವರೇ. ಅಷ್ಟರಲ್ಲಿ ಜನ ಸುತ್ತುವರಿದಿದ್ದರು. ಅವರಿಗೆ ಕೇಳುವಂತೆ ದನಿ ಏರಿಸಿ, ‘ಓದಿದವರು ನೀವು, ನುಂಗಿಸುವ ಮೊದಲು ಓದಬೇಕಲ್ಲವೇ?’ ಎಂದರು. ಯಾರೋ ನಕ್ಕರು. ಓದುವ ಕೆಲಸಕ್ಕೆ ಸರ್ಕಾರ ಲೈಸೆನ್ಸ್ ಕೊಟ್ಟಿರುವುದು ಯಾರಿಗೆ? ನನಗೋ? ಕೊನೆಗೆ ದನಿ ಇಳಿಸಿ, ‘ಉಳಿದ ಮಾತ್ರೆ ತನ್ನಿ, ಬದಲಿಸಿಕೊಡುತ್ತೇನೆ. ಬಿಪಿ ನೋಡುವ ಮೆಷಿನ್ ಒಂದು ಇದೆ, ಅಸಲಿಗೇ ಕೊಡುತ್ತೇನೆ’ ಎಂದರು. ಅಮ್ಮ ಐಸಿಯುನಲ್ಲಿ ಮಲಗಿದ್ದಕ್ಕೆ ಮೆಷಿನ್ ಮೇಲೆ ರಿಯಾಯಿತಿ!

ಮನೆಗೆ ಬಂದು ನಿಯಮ ಹುಡುಕಿದೆ. ಇವೆಲ್ಲ ಶೆಡ್ಯೂಲ್ ಎಚ್ ಔಷಧಗಳು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದವು. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ ಸ್ಪಷ್ಟವಾಗಿದೆ: ಚೀಟಿಯಲ್ಲಿ ಬರೆದ ಇಂಥ ಔಷಧದ ಬದಲು ಬೇರೆ ತಯಾರಿಕೆಯನ್ನು, ಒಳಗಿರುವ ಅಂಶ ಒಂದೇ ಆಗಿದ್ದರೂ, ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ. ಇಲ್ಲಿ ಅಂಶವೇ ಬೇರೆ. ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಗೆ ಚೀಟಿ, ಎರಡು ಸ್ಟ್ರಿಪ್‌ಗಳ ಫೋಟೊ, ವಾಟ್ಸಾಪ್ ಸಂದೇಶ, ಆಸ್ಪತ್ರೆಯ ಸಾರಾಂಶ ಎಲ್ಲ ಸೇರಿಸಿ ಕೊಟ್ಟಿದ್ದೇನೆ. ಔಷಧದಿಂದಾದ ತೊಂದರೆಯನ್ನು ತಿಳಿಸಲು 1800-180-3024 ಎಂಬ ಉಚಿತ ಸಂಖ್ಯೆಯೂ ಇದೆ.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಸ್ಟಾಕ್ ಇಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ, ಇಲ್ಲವೇ ಡಾಕ್ಟರಿಗೇ ಫೋನ್ ಮಾಡಿ. ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಸಂಖ್ಯೆಗಳನ್ನೂ ನೋಡಿ, 40/5 ಇರುವ ಕಡೆ 80/5 ಬಂದರೆ ಅದೂ ಬೇರೆ ಮಾತ್ರೆಯೇ. ಎರಡು ಔಷಧ ಸೇರಿದ ಮಾತ್ರೆಗೆ ಬದಲಾದ ಮೇಲೆ, ಮೊದಲಿನ ಬೇರೆ ಬೇರೆ ಮಾತ್ರೆಗಳು ಡಬ್ಬದಲ್ಲಿ ಉಳಿದಿದ್ದರೆ ತೆಗೆದುಬಿಡಿ, ಇಲ್ಲವಾದರೆ ಅದೂ ಇದೂ ಸೇರಿ ಎರಡರಷ್ಟಾಗುತ್ತದೆ. ಬ್ಯಾಚ್ ನಂಬರ್ ಇರುವ ಬಿಲ್ ಕೊಡದವರಲ್ಲಿ ಕೊಳ್ಳಬೇಡಿ. ಮಂಡಿನೋವಿಗೆ, ಸೊಂಟನೋವಿಗೆ ಕೌಂಟರಿನಲ್ಲಿ ಕೊಡುವ ಮಾತ್ರೆ ಬೇಡವೇ ಬೇಡ. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ನುಂಗುವವರಿಗೆ ಪೊಟ್ಯಾಸಿಯಂ ಏರುವ ಅಪಾಯವಿದೆ, ಡಾಕ್ಟರನ್ನು ಕೇಳದೆ ಅದನ್ನೂ ಬಳಸಬೇಡಿ. ಮೂತ್ರ ಹೆಚ್ಚಿಸುವ ಔಷಧ ಇರುವ ಮಾತ್ರೆಯನ್ನು ಡಾಕ್ಟರೇ ಬರೆದಿದ್ದರೆ ಹೆದರಬೇಡಿ, ಲಕ್ಷಾಂತರ ಜನ ನುಂಗುತ್ತಾರೆ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಯಾವಾಗ ನೋಡಿಸಬೇಕೆಂದು ಮಾತ್ರ ಕೇಳಿಕೊಳ್ಳಿ.

ಅಮ್ಮ ಈಗ ಮನೆಯಲ್ಲಿದ್ದಾಳೆ, ಹಳೆಯ ಮಾತ್ರೆಯನ್ನೇ ನುಂಗುತ್ತಿದ್ದಾಳೆ, ಬೇರೆ ಅಂಗಡಿಯಿಂದ. ಕ್ರಿಯಾಟಿನಿನ್ ಇಳಿಯುತ್ತಿದೆ, ಪೂರ್ತಿ ಇಳಿದಿಲ್ಲ. ದೂರು ಹೋದದ್ದು ತಿಳಿದ ಮೇಲೆ ಅಂಗಡಿಯವರ ದನಿ ಬದಲಾಗಿದೆ. ನಿನ್ನೆಯೂ ಫೋನ್ ಬಂದಿತ್ತು: ‘ಅಕ್ಕಾ, ಇಷ್ಟು ವರ್ಷದ ವಿಶ್ವಾಸ, ಕೂತು ಮಾತಾಡೋಣ. ಉಳಿದ ಆ ಸ್ಟ್ರಿಪ್ ಮಾತ್ರ ವಾಪಸ್ ಕೊಟ್ಟುಬಿಡಿ.’ ಕೊಡುವುದಿಲ್ಲ. ಅದು ಈಗ ಬೀರುವಿನಲ್ಲಿದೆ, ಬೀಗ ಹಾಕಿದ್ದೇನೆ.