ಅಪ್ಪನಿಗೆ ಚಾರ್ಜಿಂಗ್ ಬ್ಯಾಟ್ರಿ ತರಿಸೋ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ತಿಪಟೂರು ಕಡೆ ಟಾರ್ಚಿಗೆ ಬ್ಯಾಟ್ರಿ ಅಂತೀವಿ, ಅದರೊಳಗೆ ಹಾಕೋದು ಶೆಲ್ಲು. ನಾನೂ ಹಾಗೇ ಬರೀತೀನಿ, ಗೊಂದಲ ಮಾಡ್ಕೋಬೇಡಿ.

ನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ಚಾರ್ಜಿಂಗ್ ಬ್ಯಾಟ್ರಿ ತರಿಸಿದೆ. 449 ರೂಪಾಯಿ. ಅದರ ದೆಸೆಯಿಂದ ಅಪ್ಪನ ಎಡಗೈ ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿಸ್ಕೊಂಡು ಕೂತಿದ್ದ. ತಪ್ಪು ಅರ್ಧ ಬ್ಯಾಟ್ರೀದು, ಅರ್ಧ ನಂದು. ನನ್ನ ಅರ್ಧವನ್ನೂ ಬರೀತೀನಿ, ಯಾಕಂದ್ರೆ ಊರಲ್ಲಿರೋ ಅಪ್ಪ ಅಮ್ಮನಿಗೆ ಬೆಂಗಳೂರಿಂದ ಸಾಮಾನು ಆರ್ಡರ್ ಮಾಡೋರೆಲ್ಲ ಇದೇ ತಪ್ಪು ಮಾಡೋದು.

ನಮ್ಮ ತೆಂಗಿನ ತೋಟಕ್ಕೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತೆ. ರಾತ್ರಿ ಪಾಳಿ ಇದ್ದ ವಾರ ಅಪ್ಪ ಹನ್ನೆರಡಕ್ಕೋ ಒಂದಕ್ಕೋ ಏಳಲೇಬೇಕು. ಆಟೋ ಸ್ಟಾರ್ಟರ್ ಹಾಕಿಸಬಹುದಿತ್ತಲ್ಲ ಅಂತೀರಿ. ಹಾಕಿಸಿದ್ದೀವಿ. ಮೋಟ್ರು ತಾನೇ ಆನ್ ಆಗುತ್ತೆ, ಸಾಲುಗಳಿಗೆ ನೀರು ಬಿಡೋ ಗೇಟ್ ವಾಲ್ವು ತಾನೇ ತಿರುಗಲ್ಲ. ದಾರಿ ತುಂಬ ಒಣಗಿದ ಗರಿ, ಮಟ್ಟೆ. ಕೊಳಕುಮಂಡಲ ಮಲಗಿದ್ರೂ ಗರಿಯ ಬಣ್ಣದಲ್ಲೇ ಬೆರೆತು ಹೋಗಿರುತ್ತೆ. ಅಂಥಾ ಕಡೆ ಬ್ಯಾಟ್ರಿ ಅನ್ನೋದು ಕಣ್ಣಿದ್ದ ಹಾಗೆ.

ಮೊದಲು ಅಪ್ಪನ ಹತ್ರ ಮೂರು ದಪ್ಪ ಶೆಲ್ಲಿನ ಸ್ಟೀಲ್ ಬ್ಯಾಟ್ರಿ ಇತ್ತು. ಶೆಲ್ಲು ವೀಕಾದ್ರೆ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸ್ತಿದ್ದ. ಪದೇ ಪದೇ ಶೆಲ್ಲಿಗೆ ದುಡ್ಡು ಹಾಕೋದ್ಯಾಕೆ, ಚಾರ್ಜ್ ಮಾಡೋದೇ ಇರಲಿ ಅಂತ ನಾನೇ ಹುಡುಕಿದೆ. ಹುಡುಕಿದ್ದು ಹೇಗೆ? ಯಾವುದರಲ್ಲಿ ದೊಡ್ಡ ಅಂಕಿ ಬರೆದಿದೆಯೋ ಅದನ್ನ ಒತ್ತಿದೆ. 1,00,000 ಲ್ಯೂಮೆನ್, 9800 ಎಂಎಎಚ್, ಐದು ಮೋಡ್, ಜೂಮ್. ಲ್ಯೂಮೆನ್ ಅಂದ್ರೆ ಬೆಳಕಿನ ಅಳತೆ, ಎಂಎಎಚ್ ಅಂದ್ರೆ ಶೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ. ಹಜಾರದಲ್ಲಿ ಉರಿಯೋ 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡೋದೇ ಹೆಚ್ಚುಕಡಿಮೆ 900 ಲ್ಯೂಮೆನ್. ಅಂದ್ರೆ ಅಂಗೈಯಗಲದ ಬ್ಯಾಟ್ರಿ ನೂರಹನ್ನೊಂದು ಬಲ್ಬಿನಷ್ಟು ಬೆಳಕು ಕೊಡುತ್ತೆ ಅಂತ ಮಾರೋನು ಬರೆದಿದ್ದ. ಆ ಲೆಕ್ಕ ನನಗೆ ಹೊಳೆದದ್ದು ಅಪ್ಪನ ಕೈಗೆ ಪಟ್ಟಿ ಬಿದ್ದ ಮೇಲೆ.

ಬಂದ ದಿನ ಇಲ್ಲೇ ಚಾರ್ಜ್ ಮಾಡಿ ಊರಿಗೆ ಒಯ್ದೆ. ಬೆಳಕು ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಆದರೆ ಇರೋದು ಒಂದೇ ಗುಂಡಿ. ಒತ್ತಿದ್ರೆ ಜೋರು, ಮತ್ತೆ ಒತ್ತಿದ್ರೆ ಮಧ್ಯಮ, ಮತ್ತೆ ಮಂದ, ಆಮೇಲೆ ಮಿಣಮಿಣ, ಆಮೇಲೆ ಎಸ್‌ಓಎಸ್ ಅನ್ನೋ ಅಪಾಯದ ಸಂಜ್ಞೆ, ಮೂರು ಗಿಡ್ಡ, ಮೂರು ಉದ್ದ, ಮತ್ತೆ ಮೂರು ಗಿಡ್ಡ. ಇದನ್ನೆಲ್ಲ ದಾಟಿದ ಮೇಲೆ ಆರೋದು. ಅಪ್ಪ ಮೊದಲ ದಿನವೇ ಅಂದ: "ಇದೇನ್ ಮಗ, ಆರ್ಸಾಕೋದ್ರೆ ಜಾತ್ರೆ ಲೈಟಾಗ್ತೈತೆ." ನಾನು ನಕ್ಕು, ಅಭ್ಯಾಸ ಆಗುತ್ತೆ ಬಿಡಪ್ಪ ಅಂದೆ. ಎಪ್ಪತ್ತೊಂದು ವರ್ಷದವನಿಗೆ ನಾನು ಹೇಳಿದ ಮಾತು ಅದು.

ಇನ್ನು ಚಾರ್ಜಿಂಗ್ ಕಥೆ. ಡಬ್ಬಿಯಲ್ಲಿ ಗೇಣುದ್ದದ ಒಂದು ವೈರ್ ಬಂದಿತ್ತು, ಒಂದು ತುದಿ ಹಳೇ ಅಗಲ ಯುಎಸ್‌ಬಿ, ಇನ್ನೊಂದು ಟೈಪ್-ಸಿ. ತಿಂಗಳೊಳಗೆ ಅದು ಕಿತ್ತುಹೋಯ್ತು. ಅಮ್ಮ ತನ್ನ ಹೊಸ ಫೋನಿನ ಚಾರ್ಜರ್ ಹಾಕಿದ್ದಾಳೆ, ಅದರ ವೈರಿಗೆ ಎರಡೂ ಕಡೆ ಟೈಪ್-ಸಿ. ತೂತಿಗೆ ಸರಿಯಾಗಿ ಕೂತಿದೆ, ಆದರೆ ಚಾರ್ಜೇ ಆಗಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಎರಡೂ ಕಡೆ ಸಿ ಇರೋ ಚಾರ್ಜರು, ಆ ಕಡೆ ಇರೋದು ಯಾವ ಸಾಮಾನು ಅಂತ ಗುರುತು ಸಿಗೋವರೆಗೂ ಕರೆಂಟು ಬಿಡಲ್ಲ. ಆ ಗುರುತು ಕೊಡೋದು ಸಾಮಾನಿನೊಳಗಿನ ಎರಡು ಚಿಕ್ಕ ರೆಸಿಸ್ಟರ್‌ಗಳು. ಬೆಲೆ ಪೈಸೆ ಲೆಕ್ಕದಲ್ಲಿ. ಅಗ್ಗದ ಬ್ಯಾಟ್ರಿ ಮಾಡೋರು ಅದನ್ನೂ ಉಳಿಸ್ತಾರೆ. ಹಳೇ ಅಗಲ ಪಿನ್ನಿನ ಚಾರ್ಜರ್ ಏನೂ ಕೇಳದೆ 5 ವೋಲ್ಟ್ ಕೊಡೋದ್ರಿಂದ ಅದರಲ್ಲಿ ಸರಿಯಾಗೇ ಆಗುತ್ತೆ. ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕೆಂಪು ದೀಪ ಉರಿದಿಲ್ಲ, ಫುಲ್ ಆಗಿರಬೇಕು ಅಂದ್ಕೊಂಡು ಮೊಳೆಗೆ ನೇತುಹಾಕಿದ್ದಾಳೆ.

ಆವತ್ತು ರಾತ್ರಿ ಅಪ್ಪ ಎರಡು ಸಾಲಿನ ವಾಲ್ವು ತಿರುಗಿಸಿ ವಾಪಸ್ ಬರ್ತಿದ್ದ. ಹಳೇ ಬ್ಯಾಟ್ರಿ ಆಗಿದ್ರೆ ಶೆಲ್ಲು ಇಳಿದಂಗೆ ಬೆಳಕು ಹಳದಿಯಾಗಿ, ಕೆಂಪಗಾಗಿ, "ಮನೆಗೆ ನಡಿ" ಅಂತ ಅರ್ಧ ಗಂಟೆ ಮುಂಚೆಯೇ ಹೇಳ್ತಿತ್ತು. ಇದು ಹಾಗಲ್ಲ. ಲಿಥಿಯಂ ಶೆಲ್ಲಿನ ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗಿಳಿದ ತಕ್ಷಣ ಒಳಗಿನ ಸರ್ಕ್ಯೂಟು ಕಟ್ ಮಾಡುತ್ತೆ. ಶೆಲ್ಲು ಹಾಳಾಗದಿರಲಿ ಅಂತ ಇರೋ ವ್ಯವಸ್ಥೆ ಅದು, ತಪ್ಪೇನಲ್ಲ. ಆದರೆ ತೋಟದ ಮಧ್ಯೆ ನಿಂತವನಿಗೆ ಪಟ್ ಅಂತ ಕತ್ತಲೆ. ಅಪ್ಪ ಗುಂಡಿ ಒತ್ತಿದ್ದಾನೆ, ಎರಡು ಸಲ ಮಿಣಮಿಣ ಅಂದು ಮತ್ತೆ ಆರಿದೆ. ಆ ಮಿಣುಕಿನಲ್ಲಿ ಕಣ್ಣಿಗೆ ಕತ್ತಲೆ ಕವಿದು, ಬದು ಅಂತ ಕಾಲಿಟ್ಟದ್ದು ಬಸಿಗಾಲುವೆಗೆ. ಪಕ್ಕದ ತೋಟದ ಅಣ್ಣನೂ ನೀರು ಕಟ್ಟೋಕೆ ಬಂದಿದ್ದ, ಕೂಗು ಕೇಳಿ ಎತ್ಕೊಂಡು ಬಂದ.

ಶನಿವಾರ ಊರಿಗೆ ಹೋಗಿ ಅದನ್ನ ಬಿಚ್ಚಿದೆ. ಒಳಗಿದ್ದದ್ದು 18650 ಅನ್ನೋ ಅಳತೆಯ ಶೆಲ್ಲು, ಅಂದ್ರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಒಳ್ಳೆ ಕಂಪನಿಯ ಶೆಲ್ಲು ಇದೇ ಅಳತೆಯಲ್ಲಿ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಇರುತ್ತೆ. ಅಷ್ಟು ಜಾಗದಲ್ಲಿ 9800 ತುಂಬಿಸೋಕೆ ಇವತ್ತಿಗೂ ಆಗಿಲ್ಲ. ತೂಕ 45 ಗ್ರಾಂ ಆಸುಪಾಸು ಬರಬೇಕು. ಪರಿಚಯದ ಬೆಳ್ಳಿ ಅಂಗಡಿಯ ತಕ್ಕಡಿಗೆ ಇಟ್ಟೆ: 27 ಗ್ರಾಂ. "ಏನ್ ಸಾರ್, ಬೆಂಡು ತಂದಿದ್ದೀರಾ" ಅಂದ ಅಂಗಡಿಯವನು. ಲಿಥಿಯಂ ಶೆಲ್ಲಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅಂತ ಬರಹ, ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಇದರ ಮೇಲಿದ್ದದ್ದು 9800 ಅನ್ನೋದೊಂದೇ, ಅದೂ ಚಿನ್ನದ ಬಣ್ಣದಲ್ಲಿ.

ಈ ಕಥೆ ಕೇಳಿದ ನೆಂಟರೆಲ್ಲ, ಹಿಂದೆ ಪಿನ್ ಮಡಚಿರುತ್ತಲ್ಲ, ನೇರ ಗೋಡೆ ಪ್ಲಗ್ಗಿಗೆ ಚುಚ್ಚೋದು, ಅದನ್ನ ತಗೋ ಅಂದ್ರು. ಸಂತೆಯಲ್ಲಿ ಸಿಗೋ ಆ ಅಗ್ಗದ್ದು ಇನ್ನೂ ಬೇಡ. ಅಂಥ ಎಷ್ಟೋ ಬ್ಯಾಟ್ರಿಗಳಲ್ಲಿ ಮನೆ ಕರೆಂಟನ್ನ ಬೇರ್ಪಡಿಸಿ ವೋಲ್ಟೇಜು ಇಳಿಸೋ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಕೆಪಾಸಿಟರ್ ಮೂಲಕ ಮನೆ ಕರೆಂಟೇ ಒಳಕ್ಕೆ ಬರುತ್ತೆ. ಪ್ಲಾಸ್ಟಿಕ್ ಒಡೆದಿದ್ದು, ಚಾರ್ಜಿಗೆ ಇಟ್ಟಾಗ ಒದ್ದೆ ಕೈ ತಾಗಿದ್ರೆ 230 ವೋಲ್ಟಿನ ಶಾಕು. ಅವುಗಳಲ್ಲಿ 4 ವೋಲ್ಟಿನ ಲೆಡ್ ಆಸಿಡ್ ಶೆಲ್ಲು ಇದ್ರೆ, ಖಾಲಿಯಾದ ಮೇಲೆ ಒಂದೆರಡು ತಿಂಗಳು ಹಾಗೇ ಬಿಟ್ರೆ ಆಮೇಲೆ ಚಾರ್ಜ್ ಹಿಡಿಯೋದೇ ಕಷ್ಟ.

ಎರಡನೇ ಸಲ ತಿಪಟೂರಿನ ಅಂಗಡಿಗೇ ಹೋದೆ, ಅಪ್ಪನನ್ನೂ ಅಮ್ಮನ ಚಾರ್ಜರನ್ನೂ ಜೊತೆಗೆ ಕರ್ಕೊಂಡು. ಅಂಗಡಿಯವನಿಗೆ ಸ್ವಲ್ಪ ಕಿರಿಕಿರಿ ಆಯ್ತು, ಆಗಲಿ. ಅಲ್ಲೇ ಚುಚ್ಚಿ ಕೆಂಪು ದೀಪ ಬರುತ್ತಾ ನೋಡಿದೆ. ಮೊದಲು ತೋರಿಸಿದ ಮೂರರಲ್ಲಿ ಎರಡಕ್ಕೆ ಬರಲಿಲ್ಲ. ಶೆಲ್ಲನ್ನ ಹಿಂದಿನ ಮುಚ್ಚಳ ತಿರುಗಿಸಿ ತೆಗೆಯೋಕೆ ಆಗುತ್ತಾ, ಬೇರೆ ಹಾಕಬಹುದಾ ಅಂತ ಕೇಳಿದೆ. ಆಮೇಲೆ ಅಪ್ಪನ ಕೈಗೆ ಕೊಟ್ಟು, ಕಣ್ಣು ಮುಚ್ಕೊಂಡು ಆರಿಸು ನೋಡೋಣ ಅಂದೆ. ತಳ್ಳೋ ಸ್ವಿಚ್ಚು, ಮುಂದೆ ತಳ್ಳಿದ್ರೆ ಮಂದ, ಇನ್ನೂ ತಳ್ಳಿದ್ರೆ ಜೋರು, ಹಿಂದಕ್ಕೆ ಎಳೆದ್ರೆ ಆಫ್. ಒಂದೇ ಸಲಕ್ಕೆ ಆರಿಸಿದ. 640 ರೂಪಾಯಿ. ಡಬ್ಬಿ ಮೇಲೆ 300 ಲ್ಯೂಮೆನ್ ಅಂತಿದೆ, ತೋಟದಲ್ಲಿ ಹಾವು ಕಾಣೋಕೆ ಧಾರಾಳ ಸಾಕು. ಹಾಗಿದ್ರೂ ಅಪ್ಪ ಈಗ ಹಳೇ ಸ್ಟೀಲ್ ಬ್ಯಾಟ್ರಿಗೂ ಶೆಲ್ಲು ಹಾಕಿಸಿ ಹೆಗಲ ಟವಲಿಗೆ ಸುತ್ಕೊಂಡೇ ಹೋಗೋದು. ನಾನು ಬೇಡ ಅನ್ನಲಿಲ್ಲ.

ಮಾರಿದವನಿಗೆ ತಕ್ಕಡಿಯ ಫೋಟೋ ಸಮೇತ ಬರೆದೆ. ವಾಪಸಿನ ಏಳು ದಿನ ಮುಗಿದಿದೆ ಅಂತ ಉತ್ತರ ಬಂತು, ಎರಡನೇ ಸಲ ಬರೆದದ್ದಕ್ಕೆ ಅದೂ ಇಲ್ಲ. 1915 ಅನ್ನೋ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಬಿಲ್ಲು, ಡಬ್ಬಿ, ಆ 27 ಗ್ರಾಮಿನ ಶೆಲ್ಲು ಮೂರನ್ನೂ ಎತ್ತಿಟ್ಟಿದ್ದೀನಿ. ದುಡ್ಡು ಬಂದ್ರೆ ಇಲ್ಲೇ ತಿಳಿಸ್ತೀನಿ.