ಟ್ಯೂಬುಲರ್ ಟೈರಿಗೆ ಅಂಟು ಮೇಲೋ, ಅಂಟುಪಟ್ಟಿ ಮೇಲೋ?

ಒಳಟ್ಯೂಬನ್ನು ಬಟ್ಟೆಯ ಕವಚದೊಳಗಿಟ್ಟು ಹೊಲಿದ ಟ್ಯೂಬುಲರ್ ಟೈರನ್ನು ಸೈಕಲ್ಲಿನ ರಿಮ್ಮಿಗೆ ಹಿಡಿದಿಡುವುದು ಗಾಳಿಯ ಒತ್ತಡ ಮತ್ತು ಅಂಟು ಮಾತ್ರ. ಹಿಡಿತ ತಪ್ಪಿದರೆ ಏನಾದೀತೆಂಬುದನ್ನು 2003ರ ಟೂರ್ ಡಿ ಫ್ರಾನ್ಸ್ ತೋರಿಸಿತು: ಗ್ಯಾಪ್ ಪಟ್ಟಣದತ್ತ ಇಳಿಯುತ್ತಿದ್ದಾಗ, ಬಿಸಿಲಿಗೆ ಕರಗಿದ ಡಾಂಬರಿನ ಮೇಲೆ ಹಿಂಚಕ್ರ ಜಾರಿ, ಟೈರು ಕಳಚಿಕೊಂಡು, ಸ್ಪೇನಿನ ಸೈಕಲ್ ಸ್ಪರ್ಧಿ ಬೆಲೋಕಿ ತೊಡೆಯ ಮೂಳೆ ಮುರಿದುಕೊಂಡರು.

ದ್ರವರೂಪದ ಅಂಟು ತಾಳ್ಮೆಯನ್ನು ಬೇಡುತ್ತದೆ. ಟೈರನ್ನು ಮೊದಲು ಬರಿಯ ರಿಮ್ಮಿಗೆ ತೊಡಿಸಿ ಗಾಳಿ ತುಂಬಿ ಹಿಗ್ಗಿಸಬೇಕು. ಬಳಿಕ ರಿಮ್ಮಿಗೂ ಟೈರಿನ ತಳದ ಪಟ್ಟಿಗೂ ತೆಳುವಾದ ಪದರಗಳನ್ನು ಬಳಿದು, ಪ್ರತಿ ಪದರವನ್ನೂ ಚೆನ್ನಾಗಿ ಒಣಗಲು ಬಿಟ್ಟು, ಕೊನೆಯ ಪದರ ಹಸಿಯಿರುವಾಗಲೇ ಟೈರು ಕೂರಿಸಬೇಕು. ಎರಡು ಮೂರು ದಿನ ಹಿಡಿಯುವ ಈ ಕೆಲಸದಲ್ಲಿ ಕೈಬೆರಳುಗಳೂ ಅಂಟಾಗುವುದು ಖಚಿತ. ಆದರೆ ಪ್ರತಿಫಲವಾಗಿ ದೊರೆಯುವ ಬಂಧ ರಿಮ್ಮಿನ ಉಬ್ಬುತಗ್ಗುಗಳನ್ನೆಲ್ಲ ತುಂಬುತ್ತದೆ, ಕೂರಿಸಿದ ಮೇಲೂ ಟೈರನ್ನು ತುಸು ಸರಿಸಿ ನೇರ್ಪಡಿಸಲು ಅವಕಾಶವಿರುತ್ತದೆ.

ಎರಡೂ ಬದಿ ಅಂಟುಳ್ಳ ಪಟ್ಟಿಯಾದರೆ ಕೆಲಸ ಒಂದೇ ದಿನದಲ್ಲಿ, ಶುಚಿಯಾಗಿ ಮುಗಿಯುತ್ತದೆ. ಆದರೆ ಪಟ್ಟಿಯ ಅಗಲ ರಿಮ್ಮಿಗೆ ಹೊಂದಬೇಕು, ಓರೆಯಾಗಿ ಕೂತ ಟೈರನ್ನು ತಿದ್ದುವುದು ಕಷ್ಟ.

ಕೆಸರು, ಹುಲ್ಲಿನ ಹಾದಿಯ ಸೈಕಲ್ ಓಟವಾದ ಸೈಕ್ಲೋಕ್ರಾಸ್‌ನಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಹೊರೆಯೆಲ್ಲ ಅಂಟಿನ ಮೇಲೆ ಬೀಳುತ್ತದೆ. ಅಲ್ಲಿ ಅಂಟು, ಪಟ್ಟಿ ಎರಡನ್ನೂ ಸೇರಿಸಿ ಬಳಸುವವರಿದ್ದಾರೆ. ಕಡಿದಾದ ಘಾಟಿಗಳಲ್ಲಿ ರಿಮ್ ಬ್ರೇಕು ಹಿಡಿದು ಇಳಿಯುವವರಿಗೆ, ರಿಮ್ಮಿನ ಬಿಸಿ ಅಂಟನ್ನು ಮೆದುಗೊಳಿಸಬಲ್ಲದಾದ್ದರಿಂದ, ತಯಾರಕರು ಆ ರಿಮ್ಮಿಗೆ ಸೂಚಿಸಿದ ಅಂಟನ್ನೇ ನಾನು ಆರಿಸುತ್ತೇನೆ. ಸಮತಟ್ಟು ರಸ್ತೆಯ ಹವ್ಯಾಸಿಗೆ ಪಟ್ಟಿಯೇ ಸಾಕು.